ಮೇಲ್ಜಗಲಿಯ ಸರದಿ

ಸುಫ್ಯಾನ್ ನನ್ನನ್ನು ಕರೆಸಿದ್ದು ಅವನ ತಾಯಿ ಅಂಗಳದಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ನಾಲ್ಕನೆಯ ತಿಂಗಳಲ್ಲಿ. ನಮ್ಮ ಕೋಟೆಯೂರು ಹರಾರ್‌ನ ಪೇಟೆಯಲ್ಲಿ ಅವನದು ಬಟ್ಟೆ ಅಂಗಡಿ. ನಾನು ಕೋಟೆಯ ಹೊರಗಿನವ, ಒರೊಮೊ ಜನಾಂಗದವ. ಆದರೆ ಕೋಟೆಯೊಳಗಿನ ಅರ್ಧ ಮನೆಗಳ ಗೋಡೆ ನನ್ನ ಕೈಗೆ ಗೊತ್ತು. ನನ್ನ ತಂದೆ ಕಲ್ಲು ಕಟ್ಟುತ್ತಿದ್ದರು, ತಾಯಿ ಕೆಮ್ಮಣ್ಣು ಕಲಸಿ ನೆಲ ಬಳಿಯುತ್ತಿದ್ದಳು, ನಾನು ಎರಡನ್ನೂ ಕಲಿತೆ.

ಆ ಮನೆಯ ನಡುಮನೆಯಲ್ಲಿ ಎರಡು ಜಗಲಿ. ಬಾಗಿಲ ಪಕ್ಕದ್ದು ಕೆಳಜಗಲಿ, ನೆಲದಿಂದ ಒಂದು ಮೊಳ ಎತ್ತರ. ಅದರಾಚೆ, ಬಾಗಿಲಿಗೆ ಎದುರಾಗಿ, ಇನ್ನೊಂದು ಮೊಳ ಮೇಲಕ್ಕೆ ಮೇಲ್ಜಗಲಿ. ಎರಡಕ್ಕೂ ರಕ್ತದಂಥ ಕೆಮ್ಮಣ್ಣು. ಮೇಲಿನದರ ಹಿಂದಿನ ಗೋಡೆಗೆ ಬಟ್ಟಲು ಇಡುವ ಸಾಲು ಗೂಡುಗಳು, ಗೂಡುಗಳ ಸುತ್ತ ಬಣ್ಣದ ಬುಟ್ಟಿಗಳು. ಯಾರು ಎಲ್ಲಿ ಕೂರಬೇಕು ಎಂದು ನಮ್ಮ ಊರಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹಿರಿಯರು ಮೇಲೆ. ಕಿರಿಯರು, ಸೊಸೆಯಂದಿರು, ಕೆಲಸದವರು ಬಾಗಿಲ ಬಳಿ. ನಾನೂ ಇಷ್ಟು ವರ್ಷ ಬಾಗಿಲ ಬಳಿಯೇ ಕೂತು ಆ ಮನೆಯ ಕಾಫಿ ಕುಡಿದವನು.

"ಅಮ್ಮನಿಗೆ ಹತ್ತೋಕಾಗ್ತಿಲ್ಲ ಇಬ್ಸಾ," ಅಂದ ಸುಫ್ಯಾನ್, ದನಿ ತಗ್ಗಿಸಿ. "ಇಬ್ಬರು ಹಿಡಿದು ಎತ್ತಿದ್ರೂ ನೋವು ಅಂತ ಕಿರುಚ್ತಾಳೆ. ಹಗಲೆಲ್ಲ ಆ ಒಳಕೋಣೇಲೇ ಬಿದ್ದಿರ್ತಾಳೆ. ನೋಡೋಕೆ ಬಂದೋರು ಬಾಗಿಲಲ್ಲಿ ತಲೆ ತೂರಿಸಿ ಹೋಗ್ತಾರೆ, ಸತ್ತೋರನ್ನ ನೋಡಿದ ಹಾಗೆ."

"ಕೆಳಜಗಲೀಲಿ ಕೂರಿಸಬಹುದಲ್ಲ? ಅದು ಕುರ್ಚಿಯಷ್ಟೇ ಎತ್ತರ."

ಅವನು ನನ್ನನ್ನೇ ನೋಡಿದ. "ನನ್ನ ತಾಯೀನ ಬಾಗಿಲ ಹತ್ರ ಕೂರಿಸೋದಾ? ಚಪ್ಪಲಿ ಕಾಯೋಕಾ?"

ಅವನ ಲೆಕ್ಕಾಚಾರ ಬೇರೆ ಇತ್ತು. ಮೇಲ್ಜಗಲಿಯನ್ನು ಒಡೆದು ಕೆಳಗಿನದರ ಮಟ್ಟಕ್ಕೆ ಇಳಿಸಿ, ಮೂರು ಗೋಡೆಗೂ ಒಂದೇ ಎತ್ತರದ ಜಗಲಿ ಮಾಡಿದರೆ ತಾಯಿ ಎಲ್ಲಿ ಬೇಕಾದರೂ ಕೂರಬಹುದು. ಯೋಚನೆ ಚೆನ್ನಾಗಿಯೇ ಇತ್ತು. "ಇಹ್ಸಾನ್‌ಗೆ ಖುಷಿಯಾಗತ್ತೆ," ಅಂದ ಹೆಂಡತಿಯ ಬಗ್ಗೆ. "ಫೋನಿನ ತುಂಬ ಅವಳು ಮನೆ ರಿಪೇರಿ ಫೋಟೋನೇ ಇಟ್ಕೊಂಡಿದಾಳೆ. ಅಮ್ಮನದೇ ತಲೆನೋವು. ಅವಳ ಅತ್ತೆ ಕೂತ ಜಾಗ ಅದು, ಒಡೀತೀನಿ ಅಂದ್ರೆ ನನ್ನನ್ನೇ ಒಡೀತಾಳೆ. ನೀನೇ ಮಾತೆತ್ತು. ನಿನ್ನ ಕಂಡ್ರೆ ಅವಳಿಗೆ ಪ್ರೀತಿ."

ನಾನೂ ಹಾಗೇ ಅಂದುಕೊಂಡಿದ್ದೆ. ಇಪ್ಪತ್ತೆಂಟು ವರ್ಷದ ಅನುಭವದಲ್ಲಿ ಮುದುಕಿಯರು ಅಳುತ್ತಾರೆ, ಸೊಸೆಯರು ಸುತ್ತಿಗೆ ತಂದುಕೊಡುತ್ತಾರೆ.

ಒಳಕೋಣೆಯಲ್ಲಿ ಆಯ್ ರೌದಾ ಗೋಡೆಗೆ ಒರಗಿದ್ದರು. ನಮ್ಮಲ್ಲಿ ತಾಯಿಯಾದವಳನ್ನೆಲ್ಲ ಆಯ್ ಅಂತಲೇ ಕರೆಯುವುದು. ನಾನು ಸುತ್ತು ಬಳಸಿ, ಮಳೆ, ಸುಣ್ಣದ ಬೆಲೆ ಎಲ್ಲ ಮುಗಿಸಿ, ಕೊನೆಗೆ ಜಗಲಿಯ ಮಾತಿಗೆ ಬಂದೆ.

"ಒಡಿ," ಅಂದರು.

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು.

"ಒಡಿಯೋ ಅಂದ್ನಲ್ಲ. ಕಿವಿಗೂ ಗಾರೆ ಮೆತ್ಕೊಂಡಿದೀಯಾ? ಇಪ್ಪತ್ತಾರು ವರ್ಷ ಬಾಗಿಲ ಹತ್ರ ಕೂತು, ನಮ್ಮತ್ತೆ ಯಾವಾಗ ಇಳೀತಾರೆ ಅಂತ ಕಾದೆ. ಅವರು ಇಳೀಲಿಲ್ಲ, ಸತ್ರು. ಹತ್ತಿದೆ. ಹತ್ತಿ ಏನು ಕಂಡೆ ಗೊತ್ತಾ? ಚಳಿಗಾಲದಲ್ಲಿ ಬೆನ್ನಿಗೆ ತಣ್ಣಗಿನ ಗೋಡೆ. ಕೆಳಗೆ ಎಲ್ರೂ ಏನೋ ಗುಸುಗುಸು ಅಂತಿರ್ತಾರೆ, ನಂಗೆ ಹೇಳೋವಾಗ ಮಾತ್ರ ಸಲಾಂ, ಆರೋಗ್ಯವಾ, ಅಷ್ಟೇ. ಈಗ ನಾಲ್ಕು ತಿಂಗಳಿಂದ ಇಲ್ಲಿ ಬಿದ್ದಿದೀನಿ. ನಂಗೆ ಜನ ಬೇಕಪ್ಪ. ಎತ್ತರ ಸಾಕು."

ಸುಫ್ಯಾನ್ ಬಾಗಿಲಲ್ಲಿ ನಿಂತು ನಗುತ್ತಿದ್ದ. ಅಷ್ಟರಲ್ಲಿ ಹಿಂದಿನಿಂದ ತಟ್ಟೆ ಇಟ್ಟ ಸದ್ದು. ಇಹ್ಸಾನ್ ಕಾಫಿ ತಂದಿದ್ದಳು.

"ಯಾರನ್ನ ಕೇಳಿ ಒಡೀತೀರಾ?" ಅಂದಳು.

"ನಿಂಗೇ ಬೇಕಿತ್ತಲ್ಲೇ," ಅಂದ ಸುಫ್ಯಾನ್. "ಆ ಫೋಟೋಗಳು..."

ಅವಳು ಶಾಲಿನ ಗಂಟಿನಿಂದ ಫೋನ್ ತೆಗೆದು ನನ್ನ ಕೈಗೇ ಕೊಟ್ಟಳು. "ನೋಡಿ ಇಬ್ಸಣ್ಣ. ಒಂದೊಂದೇ ನೋಡಿ. ಅಡುಗೆಮನೆ ಟೈಲ್ಸ್. ಅಂಗಳಕ್ಕೆ ಬಳ್ಳಿ ಹಬ್ಬಿಸೋ ಚಪ್ಪರ. ಹೊಗೆ ಹೋಗೋ ಕಿಟಕಿ. ಬಚ್ಚಲಿಗೆ ಬೆಳಕು. ಜಗಲಿ ಒಡೆದಿರೋ ಫೋಟೋ ಒಂದಾದ್ರೂ ಇದೆಯಾ?"

ನಾನು ನೋಡಿದೆ. ಒಂದೂ ಇರಲಿಲ್ಲ.

"ಹದಿನೆಂಟು ವರ್ಷ," ಅಂದಳು, ಈಗ ಯಾರನ್ನೂ ನೋಡದೆ. "ಮದುವೆಯಾಗಿ ಬಂದ ದಿನದಿಂದ ಆ ಬಾಗಿಲ ಹತ್ರ ಕೂತಿದೀನಿ. ಯಾರು ಬಂದ್ರೂ ನಾನೇ ಮೊದಲು ಏಳಬೇಕು, ನಾನೇ ಕೊನೇಲಿ ಕೂರಬೇಕು. ಬಾಗಿಲು ತೆಗೆದಾಗೆಲ್ಲ ಗಾಳಿ ನನ್ನ ಬೆನ್ನಿಗೇ ಬಡೀತಿತ್ತು. ಬೇಜಾರು ಮಾಡ್ಕೊಂಡೆನಾ? ಇಲ್ಲ. ನನ್ನ ಸರದಿ ಬರತ್ತೆ ಅಂತ ಇದ್ದೆ. ಬರೋ ಹೊತ್ತಿಗೆ ಒಡೆದು ಹಾಕಿಬಿಡ್ತೀರಾ?"

"ಬರೋ ಹೊತ್ತಿಗೆ ಅಂದ್ರೆ?" ಅಂದರು ಆಯ್ ರೌದಾ. "ನಾನು ಸಾಯೋ ಹೊತ್ತಿಗೆ ಅಂತಲಾ?"

ಇಹ್ಸಾನ್ ಅತ್ತೆಯತ್ತ ತಿರುಗಿದಳು. "ಹಾಗಂದ್ನಾ ನಾನು?"

"ಅಂದ್ರೂ ತಪ್ಪೇನಿಲ್ಲ ಬಿಡು. ನಾನೂ ನಮ್ಮತ್ತೆ ವಿಷಯದಲ್ಲಿ ಹಾಗೇ ಅಂದ್ಕೊಳ್ತಿದ್ದೆ. ಬಾಯಿಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ."

ಸುಫ್ಯಾನ್‌ಗೆ ಅಂಗಡಿ ನೆನಪಾಯಿತು. ಅವನು ಹೊರಟುಹೋದ. ನಾನು ಕಾಫಿ ಕುಡಿದು, ಗೋಡೆಯ ನೇರ ನೋಡುವ ತೂಗುಗುಂಡನ್ನು ಚೀಲಕ್ಕೆ ಹಾಕಿದೆ. ಗೋಡೆ ಬಿರುಕು ಬಿಟ್ಟರೆ ನನಗೆ ಮದ್ದು ಗೊತ್ತು. ಇಂಥದ್ದಕ್ಕೆ ಗೊತ್ತಿಲ್ಲ.

ಆದರೂ ಆ ವಾರ ಕೆಲಸ ಬಿಡಲಿಲ್ಲ. ಯಾರೂ ಬೇಡ ಅನ್ನದ ಕೆಲಸಗಳನ್ನು ಮಾಡಿದೆ. ಅಂಗಳದಿಂದ ಹೊಸ್ತಿಲಿಗೆ ಇಳಿಜಾರು ಕಟ್ಟಿದೆ, ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಸರಳು ಕೂರಿಸಿದೆ, ಅಡುಗೆಮನೆಗೆ ಹೊಗೆ ಹೋಗಲು ಒಂದು ಕಂಡಿ ಕೊರೆದೆ. ಕಂಡಿಯಿಂದ ಮೊದಲ ಸಲ ಬಿಸಿಲು ಒಲೆಯ ಮೇಲೆ ಬಿದ್ದಾಗ ಇಹ್ಸಾನ್ ಕೆಲಸ ಬಿಟ್ಟು ಅದನ್ನೇ ನೋಡುತ್ತ ನಿಂತಳು. "ಇಷ್ಟು ಮಸಿ ಇತ್ತಾ ಈ ಗೋಡೇಲಿ?" ಅಂದಳು. ಅವಳ ಕೋಪ ನನ್ನ ಮೇಲಿರಲಿಲ್ಲ.

ಸಂಜೆ ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬಟಾಣಿ ಬಿಡಿಸುತ್ತಿದ್ದಳು. "ನಿಮ್ಮಮ್ಮ ಆ ಜಗಲಿಗಳನ್ನ ಎಷ್ಟು ಸಲ ಬಳಿದಿರ್ಬೇಕು," ಅಂದಳು. "ಒಂದು ಸಲನಾದ್ರೂ ಮೇಲೆ ಕೂತಿದ್ರಾ?" ಬಳಿಯುವಾಗ ಅಮ್ಮ ಮಂಡಿಯೂರಿ ಇರುತ್ತಿದ್ದಳು, ಒಣಗಿದ ಮೇಲೆ ಕೆಳಗಿಳಿದು ಬಾಗಿಲ ಬಳಿ ಕೂತು ಕೂಲಿ ತೆಗೆದುಕೊಳ್ಳುತ್ತಿದ್ದಳು. ಹಾಗೆಂದೆ. ಅದನ್ನು ಅಮ್ಮ ಅವಮಾನ ಅಂದುಕೊಂಡಿದ್ದಳೋ ಇಲ್ಲವೋ, ನಾನು ಕೇಳಿರಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ.

ಶುಕ್ರವಾರ ಮಧ್ಯಾಹ್ನದ ನಮಾಜಿನ ನಂತರ ಕೇರಿಯ ಹೆಂಗಸರ ಕೂಟದವರು ಆಯ್ ರೌದಾರನ್ನು ನೋಡಲು ಬರುವವರಿದ್ದರು. ಮದುವೆಗೂ ಸಾವಿಗೂ ಕಾಯಿಲೆಗೂ ಒಟ್ಟಾಗಿ ಬರುವ ಹನ್ನೆರಡು ಜನ. ಬೆಳಗ್ಗೆಯೇ ಮುದುಕಿ ಹಟ ಹಿಡಿದರು: "ಒಳಕೋಣೇಲಿ ಯಾರನ್ನೂ ನೋಡಲ್ಲ. ನನ್ನನ್ನ ಕೆಳಜಗಲೀಲಿ ಕೂರ್ಸಿ."

"ಅತ್ತೆ, ಜನ ನನ್ನ ಬಗ್ಗೆ ಏನಂದ್ಕೋತಾರೆ?" ಅಂದಳು ಇಹ್ಸಾನ್.

"ಸೊಸೆ ಅತ್ತೇನ ಇಳಿಸಿದ್ಲು ಅಂದ್ಕೋತಾರೆ. ನಾನೇ ಇಳಿದೆ ಅಂತ ಹೇಳ್ತೀನಿ. ಕೂರ್ಸು."

ನಾನೂ ಇಹ್ಸಾನ್‌ಳೂ ಹಿಡಿದು ನಡೆಸಿಕೊಂಡು ಬಂದು, ಬೆನ್ನಿಗೆ ಎರಡು ಲೋಡು ಕೊಟ್ಟು ಕೂರಿಸಿದೆವು. ಅವರು ಕಾಲನ್ನು ಇಳಿಬಿಟ್ಟು, ಬಾಗಿಲಾಚೆಯ ಅಂಗಳ ನೋಡಿ, ನಾಲ್ಕು ತಿಂಗಳ ನಂತರ ಮನೆಗೆ ಬಂದವರಂತೆ ಉಸಿರುಬಿಟ್ಟರು. ನಾನು ಅಂಗಳದಲ್ಲಿ ಸುಣ್ಣ ಕದಡುತ್ತ ಕೂತೆ. ಬಾಗಿಲು ತೆರೆದೇ ಇತ್ತು.

ಹೆಂಗಸರು ಬಂದರು. ಎಲ್ಲರಿಗಿಂತ ಹಿರಿಯರು ಆಯ್ ಮೈಮೂನಾ. ಅವರು ಅಭ್ಯಾಸದಂತೆ ಮೇಲ್ಜಗಲಿಯತ್ತ ಹೊರಟವರು ನಡುವೆ ನಿಂತರು. "ರೌದಾ, ನೀನು ಇಲ್ಲಿ ಕೂತು ನಾವು ಅಲ್ಲಿ ಕೂರೋದಾ? ಪಾಪ ಬರತ್ತೆ."

"ಬರಲ್ಲ, ಹೋಗೇ."

"ಬರತ್ತೆ," ಅಂದು ಮೈಮೂನಾ ಅವರ ಪಕ್ಕದಲ್ಲೇ ತೂರಿಕೊಂಡರು. ಇನ್ನು ಮೂವರು ಹೇಗೋ ಆ ಜಗಲಿಯಲ್ಲಿ ಜಾಗ ಮಾಡಿಕೊಂಡರು. ಉಳಿದ ಎಂಟು ಜನ ಚಪ್ಪಲಿಗಳನ್ನು ಹೊರಗೆ ತಳ್ಳಿ ನೆಲದ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತರು. ಮೇಲ್ಜಗಲಿ ಅಷ್ಟಗಲ ಖಾಲಿ ಬಿದ್ದಿತ್ತು.

ಇಹ್ಸಾನ್ ಕಾಫಿ ತಟ್ಟೆ ಹಿಡಿದು ಬಂದಳು. ಕಾಲಿಡಲು ಜಾಗವಿಲ್ಲ. ಹೇಗೋ ತಟ್ಟೆ ದಾಟಿಸಿದಳು. ಆಮೇಲೆ ಗೋಡೆಗೆ ಅಂಟಿಕೊಂಡು ನಿಂತಳು.

"ಯಾಕೇ ಕಂಬದ ಹಾಗೆ ನಿಂತಿದೀಯಾ?" ಅಂದರು ಮೈಮೂನಾ. "ನಮ್ಮನ್ನ ತುಳೀತೀಯಾ. ಮೇಲೆ ಹತ್ತಿ ಕೂತ್ಕೋ."

"ನಾನಾ?"

"ನೀನಲ್ದೆ ಮತ್ತ್ಯಾರು, ಗೂಡಲ್ಲಿರೋ ಬಟ್ಟಲಾ?"

ಅವಳು ಅತ್ತೆಯ ಮುಖ ನೋಡಿದಳು. ಆಯ್ ರೌದಾ ತಲೆಯಾಡಿಸಿದರು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಇಹ್ಸಾನ್ ಮೇಲ್ಜಗಲಿ ಹತ್ತಿದಳು. ನಡುಮಧ್ಯದಲ್ಲಿ, ಬುಟ್ಟಿಗಳ ಕೆಳಗೆ, ನೆಟ್ಟಗೆ ಕೂತಳು. ಅವಳ ಮುಖ ಅರಳಿದ್ದು ಅಂಗಳದಿಂದ ನನಗೂ ಕಾಣಿಸಿತು.

ಕೆಳಗೆ ಮಾತು ಶುರುವಾಯಿತು. ಆಯ್ ರೌದಾ ಯಾವುದೋ ಹಳೆಯ ಕತೆ ತೆಗೆದರು. ನಾಲ್ಕು ತಿಂಗಳು ಜನರಿಲ್ಲದೆ ಇದ್ದವರ ದನಿ ತಗ್ಗಿತ್ತು. ಎಲ್ಲರೂ ಮುಂದಕ್ಕೆ ಬಾಗಿದರು. ಒಮ್ಮೆಲೇ ಎಲ್ಲರೂ ಗೊಳ್ಳೆಂದು ನಕ್ಕರು. ಮೈಮೂನಾ ಕಣ್ಣೊರೆಸಿಕೊಂಡರು.

"ಏನು? ಏನಂದ್ರಿ ಅತ್ತೆ?" ಅಂದಳು ಇಹ್ಸಾನ್ ಮೇಲಿನಿಂದ.

ಯಾರಿಗೂ ಕೇಳಿಸಲಿಲ್ಲ. ನೆಲದ ಮೇಲೆ ಕೂತವರೆಲ್ಲರ ಬೆನ್ನು ಅವಳ ಕಡೆಗಿತ್ತು. ನಗುವಿನ ಪ್ರತಿ ಅಲೆಗೂ ಅವಳ ತುಟಿ ತಾನೂ ನಗಲು ಹೊರಟು ನಿಲ್ಲುತ್ತಿತ್ತು.

ಎಲ್ಲರೂ ಹೋದ ಮೇಲೂ ಅವಳು ಇಳಿಯಲಿಲ್ಲ. ನಾನು ಕೈ ತೊಳೆದು ಅಪ್ಪಣೆ ಕೇಳಲು ಹೊಸ್ತಿಲಿಗೆ ಹೋದೆ.

"ಇಬ್ಸಣ್ಣ," ಅಂದಳು. "ಒಡೆದುಬಿಡಿ."

"ಅಕ್ಕ, ಅವಸರ ಬೇಡ..."

"ಇಲ್ಲಿಂದ ಏನೂ ಕೇಳ್ಸಲ್ಲ. ಹದಿನೆಂಟು ವರ್ಷ ಇದಕ್ಕಾ ಕಾದೆ?" ಅವಳ ಕಣ್ಣಲ್ಲಿ ನೀರು ಬಂದಿತ್ತು. "ಕಾದಿದ್ದು ದಂಡವಾಯ್ತಲ್ಲ ಅಂತ ಹೊಟ್ಟೆ ಉರೀತಿದೆ, ಅಷ್ಟೇ. ಒಡೀರಿ."

"ಇವತ್ತು ಬೇಡ," ಅಂದರು ಆಯ್ ರೌದಾ. ನಾವು ಅವರತ್ತ ತಿರುಗಿದೆವು. "ಮುಂದಿನ ಶನಿವಾರ ಬಾ ಇಬ್ಸಾ. ಅವಳು ಕಾದಿದ್ದು ದಂಡವಾಗಬಾರದು. ಇವತ್ತು ಹತ್ತಿದ್ದು ಲೆಕ್ಕಕ್ಕಿಲ್ಲ, ಜಾಗ ಇಲ್ದೆ ಹತ್ತಿದ್ದು. ಬರೋ ಶುಕ್ರವಾರ ಎಲ್ರನ್ನೂ ಮತ್ತೆ ಕರೀತೀನಿ. ಅವಳು ಸರಿಯಾಗಿ ಹತ್ತಲಿ."

"ಬೇಡ ಅತ್ತೆ, ನಗ್ತಾರೆ."

"ನಗಲಿ. ಮದುವೆ ಬಟ್ಟೆ ಹಾಕ್ಕೋ. ಹಿಡಿಸದಿದ್ರೆ ಪಕ್ಕದಲ್ಲಿ ಹೊಲಿಗೆ ಬಿಚ್ಚು. ದಪ್ಪಗಾಗಿದೀಯಾ."

ಅಳುತ್ತಿದ್ದವಳು ನಕ್ಕಳು.

ಮುಂದಿನ ಶುಕ್ರವಾರ ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಸುಣ್ಣದ ಎರಡನೆಯ ಕೈ ಬಳಿಯಬೇಕು ಎಂದು ನೆಪ ಮಾಡಿಕೊಂಡು ಹೋದೆ. ಇಹ್ಸಾನ್ ಕಡುಗೆಂಪು ರೇಷ್ಮೆ ತೊಟ್ಟು, ತುರುಬಿಗೆ ಮದುವೆಯ ದಿನದ ಬಲೆಬಟ್ಟೆ ಕಟ್ಟಿ ಮೇಲ್ಜಗಲಿಯಲ್ಲಿ ಕೂತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಒಳಬಂದು, ಕೆಳಗೆ ಕೂತಿದ್ದ ಆಯ್ ರೌದಾರನ್ನು ದಾಟಿ, ಮೊದಲು ಅವಳ ಬಳಿ ಹೋಗಿ ಕೈ ಮುಟ್ಟಿ ಸಲಾಂ ಹೇಳಿದರು. ಅದನ್ನು ಏರ್ಪಡಿಸಿದ್ದು ಮೈಮೂನಾ. ಯಾರೂ ನಗಲಿಲ್ಲ. ಕೊನೆಗೆ ಆಯ್ ರೌದಾ ಇಬ್ಬರ ಹೆಗಲು ಹಿಡಿದು ಎದ್ದರು. ಎರಡು ಹೆಜ್ಜೆ ನಡೆದು ಮೇಲ್ಜಗಲಿಯ ಅಂಚಿಗೆ ಕೈಯೂರಿ, ಸೊಸೆಗೆ, "ಆರೋಗ್ಯವಾ ತಾಯಿ?" ಅಂದರು. ಇಹ್ಸಾನ್ ಏಳಲು ಹೊರಟಳು. "ಕೂತ್ಕೋ," ಅಂದರು ಅತ್ತೆ, "ಇವತ್ತು ನೀನು ಏಳಬಾರದು." ಅವಳು ಕೂತೇ ಇದ್ದಳು, ಎರಡೂ ಕೈಯಲ್ಲಿ ಅತ್ತೆಯ ಕೈ ಹಿಡಿದುಕೊಂಡು.

ಶನಿವಾರ ನಾನೂ ಇಬ್ಬರು ಆಳುಗಳೂ ಮೇಲ್ಜಗಲಿಯನ್ನು ಒಂದು ಮೊಳ ಇಳಿಸಿದೆವು. ಹಳೆಯ ಕಲ್ಲನ್ನೇ ಮೂಲೆಗಳಿಗೆ ಬಳಸಿದೆ. ಮೂರು ಗೋಡೆಗೂ ಒಂದೇ ಎತ್ತರ ಬಂತು. ಕೆಮ್ಮಣ್ಣು ಬಳಿದದ್ದು ಇಹ್ಸಾನ್. ನಾನು ಕಲಸಿಕೊಟ್ಟೆ, ಅವಳು ಅಂಗೈಯಲ್ಲಿ ಉಜ್ಜಿದಳು. ಆಯ್ ರೌದಾ ಬಾಗಿಲಲ್ಲಿ ಕೂತು, ಇಲ್ಲಿ ತೆಳುವಾಯ್ತು, ಅಲ್ಲಿ ಗೆರೆ ಬಿತ್ತು ಎಂದು ಒಂದೇ ಸಮನೆ ತಪ್ಪು ಹುಡುಕಿದರು. ಗೂಡುಗಳು ಮಾತ್ರ ಈಗ ಕೈಗೆಟುಕದಷ್ಟು ಮೇಲಾದವು. ಅದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಬಟ್ಟಲು ತೆಗೆಯಲು ಅವರು ಇವತ್ತಿಗೂ ಸ್ಟೂಲು ಹಾಕುತ್ತಾರೆ, ಹಾಕುವಾಗೆಲ್ಲ ನನ್ನನ್ನು ಬೈಯುತ್ತಾರಂತೆ.

ಕೇರಿಯಲ್ಲಿ ಕೆಲವರು ನನ್ನನ್ನು ಮನೆಹಾಳ ಅಂದರು. ಇನ್ನು ಕೆಲವರು ತಮ್ಮ ಜಗಲಿಯನ್ನೂ ಇಳಿಸಿಕೊಡು ಎಂದು ಬಂದರು. ಒಂದು ಮನೆಗೆ ಹೋದೆ, ಒಂದಕ್ಕೆ ಹೋಗಲಿಲ್ಲ, ಅಲ್ಲಿ ಮೇಲೆ ಕೂತವರನ್ನು ಯಾರೂ ಕೇಳಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಅಡುಗೆಮನೆಗೆ ಟೈಲ್ಸ್ ಹಾಕಲು ಹೋದಾಗ ಇಹ್ಸಾನ್‌ಳನ್ನು ಕೇಳಿದೆ, ಮೇಲ್ಜಗಲಿ ಹೋದದ್ದಕ್ಕೆ ಬೇಜಾರಿದೆಯಾ ಎಂದು. ಅವಳು ಟೈಲ್ಸಿನ ಡಬ್ಬಿ ಬಿಚ್ಚುತ್ತ ಯೋಚಿಸಿದಳು.

"ಮನೇಲಿ ಯಾರೂ ಇಲ್ದಾಗ ಒಂದೊಂದ್ಸಲ ಆ ಗೋಡೆ ನೋಡ್ತೀನಿ. ಆಗ ಸ್ವಲ್ಪ ಆಗತ್ತೆ ಇಬ್ಸಣ್ಣ, ಇಲ್ಲ ಅನ್ನಲ್ಲ."

ನಡುಮನೆಯಿಂದ ಆಯ್ ರೌದಾರ ದನಿ ಬಂತು: "ಯಾವ ಬಣ್ಣ ತಂದಿದೀರಾ? ಬಿಳಿ ತಂದ್ರೆ ವಾಪಸ್ ಕಳಿಸ್ತೀನಿ!"

"ಬಿಳೀನೇ ತಂದಿರೋದು," ಎಂದು ಇಹ್ಸಾನ್ ನನಗೆ ಪಿಸುಗುಟ್ಟಿ, ತೋರಿಸಲು ಒಂದು ಟೈಲನ್ನು ಎತ್ತಿಕೊಂಡು ಅತ್ತೆಯ ಪಕ್ಕ ಹೋಗಿ ಕೂತಳು.