ಎಡಚ ಅಬ್ರಹಾಮನ ಪಯಣ

೧.
“ಊರು ಬಿಡೋ ದಿನ ಬಂದ್ರೆ ಊರನ್ನೇ ಕೆತ್ತಿ ಜೊತೆಗೆ ಒಯ್ತೀನಿ ಅಪ್ಪಾ,” ಎಂದು ಡಿಗ್ನಾ ಮಾತು ಕೊಟ್ಟಾಗ ಅವಳಿಗಿನ್ನೂ ಉಳಿ ಹಿಡಿಯಲು ಬರುತ್ತಿರಲಿಲ್ಲ.

ಹೀಗೆ ಶುರು ಮಾಡಲೇ? ಅಥವಾ ನೇರವಾಗಿ ಆಂಟ್ವರ್ಪಿನ ದಡದಲ್ಲಿ ದೋಣಿ ಕಾಯುತ್ತಿರುವಲ್ಲಿಂದ? (ಮಗಳ ಊಟದ ಡಬ್ಬಿ ತೊಳೆಯುವುದು ಬಾಕಿ. ಬೇಗ ತೀರ್ಮಾನವಾಗಲಿ.) ದೋಣಿಯೇ ಸರಿ. ಮೊದಲ ಡ್ರಾಫ್ಟ್ ಕಸದಬುಟ್ಟಿಗೆ. ಮಾತು ಮಾತ್ರ ಇರಲಿ.

೨.
ಊರು ಸ್ಪೇನಿನ ರಾಜನ ಕೈಸೇರಿದೆ. ಅವನ ಮತಕ್ಕೆ ಬಾರದವರು ಹೊರಡಬೇಕು. ದೋಣಿ ಕಾದಿರುವುದು ಉತ್ತರದ ಹಾರ್ಲೆಮ್ ಊರಿಗೆ. ಡಿಗ್ನಾಳ ಅಮ್ಮ ಬಾರ್ಬಾ ಮಾತ್ರ ಅಚ್ಚುಮನೆಯ ಹೊಸ್ತಿಲಲ್ಲಿ ಕೂತಿದ್ದಾಳೆ. “ನಿಮ್ಮಪ್ಪನಿಗೆ ಕೊಟ್ಟ ಮಾತು ನಡೆದದ್ದನ್ನ ಕಣ್ಣಾರೆ ನೋಡದೆ ನಾ ದೋಣಿ ಹತ್ತಲ್ಲ.”

ಸತ್ತ ಅಪ್ಪ ಬರೆದಿಟ್ಟ ಚಿತ್ರದಲ್ಲಿ ಬಲಗೈಯಲ್ಲಿ ಕೋಲು ಹಿಡಿದ ಬೈಬಲಿನ ಅಬ್ರಹಾಮ, ಹೆಂಡತಿ ಸಾರಾ, ಒಂಟೆ, ಕುರಿಗಳೆಲ್ಲ ತಮ್ಮ ಊರು ಹಾರಾನ್ ಬಿಟ್ಟು ದೇವರು ತೋರಿದ ಕಾನಾನಿಗೆ ಹೊರಟಿದ್ದಾರೆ. ಹಾರಾನ್ ಇರಬೇಕಾದ ಜಾಗ ಖಾಲಿ. ಚಿತ್ರವನ್ನು ಅಚ್ಚಿಗೆ ಕೆತ್ತುವಾಗ ಆ ಜಾಗದಲ್ಲಿ ಡಿಗ್ನಾ, ಹೊಳೆಯಾಚೆ ಕೂತು, ಊರನ್ನು ನೋಡುತ್ತ ನೋಡುತ್ತ, ಆಂಟ್ವರ್ಪನ್ನೇ ತಾಮ್ರದ ಫಲಕದಲ್ಲಿ ಕೆತ್ತಿದ್ದಾಳೆ. ಹೆಂಚು ಹೆಂಚನ್ನೂ.

೩.
ಅಣ್ಣ ಲೀವನ್ ಯಂತ್ರದಿಂದ ಹಾಳೆ ಎತ್ತಿದ. ಒಂಟೆಗಳು ನಡೆದೇಬಿಟ್ಟವು ಅನ್ನುವಂತಿತ್ತು.

“ಇದ್ಯಾವೂರೇ?” ಎಂದಳು ಅಮ್ಮ.

ಇಗರ್ಜಿಯ ಎತ್ತರದ ಗೋಪುರ ಬಲಕ್ಕಿತ್ತು, ಮೊಂಡು ಗೋಪುರ ಎಡಕ್ಕೆ. ಅಪ್ಪನ ಚಿತ್ರವನ್ನು ಎಡಬಲ ತಿರುಗಿಸಿ ಕೆತ್ತಿದ ಜಾಣೆ, ಊರನ್ನು ಮಾತ್ರ ಕಂಡದ್ದು ಕಂಡಂತೆ ಕೆತ್ತಿದ್ದಳು. ಅಚ್ಚು ಎಲ್ಲವನ್ನೂ ಎಡಬಲ ಮಾಡುತ್ತದಲ್ಲ, ಊರು ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು.

“ಈ ಬೀದಿ ನಂಬಿ ಮನೆಗೆ ಹೊರಟ್ರೆ ಪಕ್ಕದ್ಮನೆಯವಳ ಹಾಸಿಗೇಲಿ ಏಳ್ತೀವಿ,” ಎಂದ ಲೀವನ್.

೪.
ಮುಕ್ತಾಯ ಅ: ಡಿಗ್ನಾ ಊರನ್ನು ತಿಕ್ಕಿ ಅಳಿಸುತ್ತಾಳೆ. ಬೋಳು ಆಕಾಶ. ತುಂಬಾ ಸಿಂಬಾಲಿಕ್, ವಿಮರ್ಶಕರು ಕುಣಿಯುತ್ತಾರೆ.

“ನಿನ್ನ ವಿಮರ್ಶಕರು ಬಂದು ನಮ್ಮಮ್ಮನ್ನ ಎಬ್ಬಿಸ್ತಾರಾ?” ಡಿಗ್ನಾ ನನ್ನನ್ನೇ ಕೇಳಿದಳು.

ಮುಕ್ತಾಯ ಆ: ಹೊಸ ಫಲಕ ಕೆತ್ತುತ್ತಾಳೆ. ದೋಣಿ ತಪ್ಪುತ್ತದೆ.

“ಸುಮ್ನಿರು ತಾಯಿ. ನೀ ಬರೆದು ಮಲಗ್ತೀಯ, ಸಿಕ್ಕಿಬೀಳೋರು ನಾವು.”

ಎರಡನ್ನೂ ಹೊಡೆದುಹಾಕಿದೆ. (ಪಾತ್ರ ಹೀಗೆ ಗದರಿಸಿದರೆ ನಿದ್ದೆಯೆಲ್ಲ ಹಾರಿ ಮೈ ಜುಮ್ಮೆನ್ನುತ್ತದೆ.)

೫.
“ಮಸಿ ಇನ್ನೂ ಹಸಿ ಇದೆ ಕಣೋ,” ಎಂದಳು ಡಿಗ್ನಾ. “ಒದ್ದೆ ಹಾಳೆ ಕೊಡು, ಬೇಗ.”

ಹಸಿ ಅಚ್ಚಿನ ಮೇಲೆ ಇನ್ನೊಂದು ಹಾಳೆ ಕವುಚಿ, ಇಬ್ಬರೂ ಜೋತುಬಿದ್ದು ಯಂತ್ರದ ಹಿಡಿ ಎಳೆದರು. ಹೊಳೆಯ ನೀರಿನ ಇಳಿತ ಶುರುವಾಯಿತೆಂದು ಅಂಬಿಗ ದಡದಿಂದ ಬಯ್ಯುತ್ತಿದ್ದ. ಹಾಳೆ ಮಸುಕಾಗಿ ಬಂತು. ಗೋಪುರಗಳೆರಡೂ ತಮ್ಮ ತಮ್ಮ ಜಾಗದಲ್ಲಿದ್ದವು.

“ಅಬ್ರಹಾಮ ಎಡಚ ಆಗೋದ್ನಲ್ಲೇ,” ಎಂದ ಲೀವನ್.

“ಆಗ್ಲಿ ಬಿಡು. ನಡೆಯೋದು ಕಾಲಲ್ಲಿ ತಾನೆ.”

ಅಮ್ಮ ಬೆರಳಿಟ್ಟು ಬೀದಿ ಬೀದಿ ದಾಟಿದಳು. ತಮ್ಮ ಮನೆಯ ಮೇಲೆ ಬೆರಳು ನಿಂತಿತು. “ಅಟ್ಟದ ಕಿಟಕಿ ಮುಚ್ಚಿಲ್ಲ ನೋಡು,” ಎಂದು ಶಾಲು ಹೊದ್ದು ಎದ್ದಳು. ದೋಣಿ ಹತ್ತಿದಳು.

೬.
ಹಾರ್ಲೆಮ್ ತಲುಪಿದರೇ? ಆ ಹಾಳೆ ಗೋಡೆಗೇರಿತೇ, ಇಲಿಗೆ ಸಿಕ್ಕಿತೇ? ಓದುಗರೇ, ಕೇಳಬೇಡಿ. ದೋಣಿಯನ್ನು ನಾನು ದಡ ಮುಟ್ಟಿಸುವುದಿಲ್ಲ.

ಡಿಗ್ನಾ ಊರನ್ನು ಒಯ್ದಳು. ಮಾತು ನಡೆಯಿತು.