ದವಾಖಾನೆಯ ತೊಟ್ಟಿ, ನಾಲ್ಕು ವರ್ಷದ ಬೀಗ

"ಆರನೇ ಕ್ಲಾಸು ದಾಟದವನು ನಮಗೆ ನೀರಿನ ಪಾಠ ಹೇಳ್ತಾನಂತೆ. ಲೋ ಕಿಮಾಂಥಿ, ಐವತ್ತು ಸಾವಿರ ಅಂತ ಬರೆಯೋಕೆ ಎಷ್ಟು ಸೊನ್ನೆ ಹಾಕ್ಬೇಕು, ಗೊತ್ತೇನೋ ನಿಂಗೆ?"

ದವಾಖಾನೆ ಸಮಿತಿಯ ಅಧ್ಯಕ್ಷ ಮುನ್ಯಿಥ್ಯಾ ಇದನ್ನು ಹೇಳಿದ್ದು ಊರ ಸಭೆಯಲ್ಲಿ, ದವಾಖಾನೆಯ ಅಂಗಳದ ಮಾವಿನ ಮರದ ಕೆಳಗೆ, ನೂರು ಜನರ ಎದುರು. ಜನ ನಕ್ಕರು. ಬೆಂಚಿನ ಮೇಲೆ ಕೂತಿದ್ದ ನನ್ನ ಅಕ್ಕ ಸ್ಯೋಂಬುವಾ ತಲೆ ತಗ್ಗಿಸಿದಳು. ಅವಳಿಗೆ ಆಗ ಎಂಟು ತಿಂಗಳು ತುಂಬಿತ್ತು.

ನಾನು ಕೇಳಿದ್ದು ಇಷ್ಟೇ. ನಮ್ಮ ಕ್ಯಾಥೂಮು ದವಾಖಾನೆಗೆ ಹೆರಿಗೆಗೆ ಬರುವ ಹೆಂಗಸು ಸೋಪು, ಹತ್ತಿ, ಬ್ಲೇಡಿನ ಜೊತೆಗೆ ಇಪ್ಪತ್ತು ಲೀಟರಿನ ಎರಡು ಕ್ಯಾನು ನೀರನ್ನೂ ಮನೆಯಿಂದಲೇ ತರಬೇಕು. ಆ ನೀರಿಗೆ ಕತ್ತೆ ಹೊಡೆದುಕೊಂಡು ಒಣಗಿದ ಹೊಳೆಗೆ ಹೋಗಿ, ಮರಳು ಬಗೆದು, ಬಟ್ಟಲಿನಲ್ಲಿ ಎತ್ತಿ ಎತ್ತಿ ತುಂಬಬೇಕು. ಹೋಗಿಬರಲು ಅರ್ಧ ದಿನ. ಅದೇ ದವಾಖಾನೆಯ ಗೋಡೆಗೆ ಅಂಟಿಕೊಂಡು ಐವತ್ತು ಸಾವಿರ ಲೀಟರಿನ ಸಿಮೆಂಟು ತೊಟ್ಟಿ ನಿಂತಿದೆ. ಅದರ ನಲ್ಲಿಗೆ ಬೀಗ ಬಿದ್ದು ನಾಲ್ಕು ವರ್ಷ. ಬೀಗ ತೆಗೆಯಿರಿ, ಒಳಗೆ ಏನಿದೆ ನೋಡೋಣ ಎಂದೆ.

ಅದು ಕೆಟ್ಟ ದಿನಕ್ಕೆಂದು ಕೂಡಿಟ್ಟ ನೀರು, ಮಳೆ ಕೈಕೊಟ್ಟ ವರ್ಷವೂ ಒಂದು ಹನಿ ಮುಟ್ಟಗೊಡಲಿಲ್ಲ ಎಂದು ಮುನ್ಯಿಥ್ಯಾ ಜೇಬಿನಿಂದ ಕೀಲಿ ತೆಗೆದು ಎತ್ತಿ ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ನಾನು ಗಾರೆ ಕೆಲಸದವನು. ಏಳು ವರ್ಷದಿಂದ ಸುತ್ತಲಿನ ಊರುಗಳ ಮಹಿಳಾ ಸಂಘಗಳಿಗೆ ತೊಟ್ಟಿ ಕಟ್ಟಿಕೊಡುತ್ತಿದ್ದೇನೆ. ದವಾಖಾನೆಯ ಸೂರಿನಂಚಿಗೆ ಮಳೆ ನೀರು ಹಿಡಿಯುವ ತಗಡಿನ ದೋಣಿ ಹಾಕಿರುವುದು ರಸ್ತೆ ಕಡೆಗೆ ಮಾತ್ರ, ಅದರ ಕೊಳವೆ ತೊಟ್ಟಿಗೆ ಒಂದು ಮೊಳ ದೂರದಲ್ಲೇ ನಿಂತುಹೋಗಿದೆ ಎಂದು ಕೈ ತೋರಿಸಿ ಹೇಳಿದೆ. ಒಬ್ಬರೂ ಕತ್ತೆತ್ತಿ ನೋಡಲಿಲ್ಲ.

ಅಕ್ಕನ ಮನೆಗಾದರೂ ಒಂದು ಸಣ್ಣ ತೊಟ್ಟಿ ಕಟ್ಟೋಣವೆಂದು ಅವಳ ಅತ್ತೆ ಕಲೆಕ್ಯೆಯನ್ನು ಕೇಳಿದೆ. ಮುದುಕಿ ಹುರುಳಿ ಬಿಡಿಸುತ್ತ ಕೂತಿದ್ದಳು. ಕೈ ನಿಲ್ಲಿಸಲಿಲ್ಲ.

"ನಮ್ ಸೂರಿನ್ ಮೇಲೆ ಹಕ್ಕಿ ಹೇಲ್ತವೆ, ಹಲ್ಲಿ ಸಾಯ್ತವೆ. ಆ ನೀರು ಕುಡಿಸಿ ನನ್ ಮೊಮ್ಮಗೂನ ಕೊಲ್ಬೇಕು ಅಂತಿದ್ದೀಯಾ? ಮರಳಿನ್ ನೀರು ಕುಡಿದು ನಾನು ಒಂಬತ್ತು ಹೆತ್ತಿದೀನಿ ಕಣೋ."

ಒಂಬತ್ತರಲ್ಲಿ ಎಷ್ಟು ಉಳಿದವು ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಬಂದೆ.

ಮೂರು ವಾರದ ಮೇಲೆ, ನವೆಂಬರಿನ ಒಂದು ಮಧ್ಯಾಹ್ನ, ಹೇಳಿದ ದಿನಕ್ಕಿಂತ ಮೊದಲೇ ಅಕ್ಕನಿಗೆ ನೋವು ಶುರುವಾಯಿತು. ಭಾವ ಎಂಬುವಿ ಕತ್ತೆ ಹೊಡೆದುಕೊಂಡು ನೀರಿಗೆ ಹೋಗಿದ್ದ. ಮನೆಯಲ್ಲಿದ್ದದ್ದು ಅರ್ಧ ಕ್ಯಾನು. ಬಾಡಿಗೆಯ ಮೋಟಾರು ಬೈಕಿನಲ್ಲಿ ಅಕ್ಕನನ್ನು ನಡುವೆ ಕೂರಿಸಿಕೊಂಡು ಕಲೆಕ್ಯೆ ಹಿಂದೆ ಹಿಡಿದುಕೊಂಡಳು. ನಾನು ಕ್ಯಾನು ಹೊತ್ತು ಹಿಂದಿನಿಂದ ಓಡಿದೆ.

ದವಾಖಾನೆಯ ಜಗುಲಿಯಲ್ಲಿ ಇನ್ನೂ ಮೂವರು ಬಸುರಿಯರು ತಮ್ಮ ತಮ್ಮ ಹಳದಿ ಕ್ಯಾನುಗಳನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದರು. ನಾನು ತಲುಪುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿತ್ತು. ಆದರೆ ಅಕ್ಕನಿಗೆ ರಕ್ತ ನಿಲ್ಲುತ್ತಿರಲಿಲ್ಲ. ನನ್ನ ಅರ್ಧ ಕ್ಯಾನು ಒಳಗೆ ಹೋಯಿತು, ಕ್ಷಣದಲ್ಲಿ ಖಾಲಿಯಾಗಿ ಹೊರಗೆ ಬಂತು.

ಆಗಲೇ ಮಳೆ ಬಿತ್ತು. ಆರು ತಿಂಗಳಲ್ಲಿ ಮೊದಲ ಮಳೆ. ತಗಡಿನ ಸೂರಿನ ಮೇಲೆ ಎಂಥ ಸದ್ದೆಂದರೆ, ನರ್ಸ್ ಕವುಥಾ ಬಾಗಿಲಿಗೆ ಬಂದು, ಮೊಣಕೈವರೆಗೆ ಕೆಂಪಾದ ಎರಡೂ ಕೈ ಮೇಲೆತ್ತಿಕೊಂಡು ಏನನ್ನೋ ಕೇಳುತ್ತಿದ್ದದ್ದು ನಮಗೆ ಕೇಳಿಸಲಿಲ್ಲ. ತುಟಿ ನೋಡಿ ಅರ್ಥ ಮಾಡಿಕೊಂಡೆ. ನೀರು ಕೇಳುತ್ತಿದ್ದಳು. ತಲೆಯ ಮೇಲೆ ಅಷ್ಟು ಮಳೆ ಸುರಿಯುತ್ತಿದೆ, ಕೈ ತೊಳೆಯಲು ನೀರಿಲ್ಲ.

ನನ್ನ ಚೀಲದಲ್ಲಿ ಸುತ್ತಿಗೆ ಇತ್ತು. ಎರಡೇ ಏಟಿಗೆ ಬೀಗ ಬಿತ್ತು. ನಲ್ಲಿ ತಿರುಗಿಸಿದೆ. ಗಾಳಿಯೂ ಬರಲಿಲ್ಲ. ಸ್ವಲ್ಪ ಮಣ್ಣು ಉದುರಿತು, ಅದರ ಹಿಂದೆ ಒಂದು ಕಣಜ ಹೊರಗೆ ಬಂದು ಹಾರಿಹೋಯಿತು. ಏಣಿ ಹತ್ತಿ ಮುಚ್ಚಳ ಸರಿಸಿದೆ. ಒಳಗೆ ಬರೀ ಒಣ ನೆಲ. ಬೆರಳು ತೂರುವಷ್ಟು ಅಗಲದ ಬಿರುಕು ಈ ಗೋಡೆಯಿಂದ ಆ ಗೋಡೆಗೆ ಹರಿದಿತ್ತು. ಉದ್ಘಾಟನೆಯ ದಿನ ಕಟ್ಟಿದ್ದ ಬಣ್ಣದ ರಿಬ್ಬನ್ನಿನ ತುಂಡೊಂದು ಬಿದ್ದಿತ್ತು. ನನ್ನ ತಲೆಯಿಂದ ತೊಟ್ಟಿಕ್ಕಿದ ಮಳೆ ನೀರೇ ಆ ತೊಟ್ಟಿಗೆ ನಾಲ್ಕು ವರ್ಷದಲ್ಲಿ ಆಕಾಶದಿಂದ ಬಂದ ಮೊದಲ ನೀರು. ಮುಚ್ಚಳ ಹಾಗೇ ಬಿಟ್ಟು ಏಣಿ ಇಳಿದೆ.

ಕೆಳಗೆ ಹಿಂಬದಿಯ ಸೂರಿನಿಂದ ನೀರು ಪರದೆಯ ಹಾಗೆ ಇಳಿಯುತ್ತಿತ್ತು. ಗೋಡೆಯ ಬುಡದಲ್ಲಿ ಕೊರಕಲು ತೋಡಿಕೊಂಡು, ತೊಟ್ಟಿಯ ಪಕ್ಕದಲ್ಲೇ ಹಾದು ರಸ್ತೆಗೆ ಹರಿಯುತ್ತಿತ್ತು.

ಕಲೆಕ್ಯೆ ಒಂದು ಬೇಸಿನ್ ಹಿಡಿದು ಉಸಿರಾಡುವಷ್ಟರಲ್ಲಿ ತುಂಬಿಸಿ ಒಳಗೆ ಒಯ್ದಳು. ಕವುಥಾ ಅದನ್ನು ನೋಡಿ ಕಾಲಿನಿಂದಲೇ ಉರುಳಿಸಿದಳು.

"ಆರು ತಿಂಗಳ ಹೇಲು ಅಮ್ಮಾ ಇದು, ನೀರಲ್ಲ. ಕಾಲು ಗಂಟೆ ಸೂರು ತೊಳೆದು ಹೋಗ್ಲಿ, ಆಮೇಲೆ ಹಿಡೀರಿ. ಈಗ ಬೇಕಿರೋದು ಶುದ್ಧ ನೀರು. ಯಾರ ಹತ್ರ ಇದೆ?"

ಕಾಲು ಗಂಟೆ ಅಕ್ಕನ ಬಳಿ ಇರಲಿಲ್ಲ. ಜಗುಲಿಯಲ್ಲಿದ್ದ ಒಬ್ಬ ಬಸುರಿ, ಅವಳ ಹೆಸರೂ ನನಗೆ ಗೊತ್ತಿಲ್ಲ, ಮಾತಾಡದೆ ತನ್ನ ಕ್ಯಾನನ್ನು ಕಾಲಿನಿಂದ ಬಾಗಿಲೊಳಕ್ಕೆ ತಳ್ಳಿದಳು. ಅವಳನ್ನು ನೋಡಿ ಉಳಿದಿಬ್ಬರೂ ತಳ್ಳಿದರು. ತಮ್ಮ ಹೆರಿಗೆಗೆಂದು ಅರ್ಧ ದಿನ ನಡೆದು ತಂದ ನೀರು. ಆ ನೀರಿನಲ್ಲಿ ಕವುಥಾ ಕೈ ತೊಳೆದಳು, ಸೂಜಿ ಹಾಕಿದಳು, ಹೊಟ್ಟೆ ನೀವಿದಳು. ಸಂಜೆಯಾಗುವಾಗ ರಕ್ತ ನಿಂತಿತು. ಅಕ್ಕ ಕಣ್ಣು ಬಿಟ್ಟು ಗಂಜಿ ಕೇಳಿದಳು. ಅಷ್ಟರಲ್ಲಿ ನಾವು ತೊಳೆದ ಸೂರಿನಿಂದ ಮೂರು ಡ್ರಮ್ಮು ಹಿಡಿದು, ಆ ಮೂವರ ಕ್ಯಾನುಗಳಿಗೂ ಕುದಿಸಿದ ನೀರು ತುಂಬಿಸಿ ಇಟ್ಟಿದ್ದೆವು.

ಆಮೇಲೆ ತಿಳಿಯಿತು. ಉದ್ಘಾಟನೆಗೆ ಬಂದ ಅತಿಥಿಗಳು ನಲ್ಲಿ ತಿರುಗಿಸಿದರೆ ನೀರು ಬರಬೇಕಲ್ಲ, ಅದಕ್ಕೆ ತೊಟ್ಟಿ ಕಟ್ಟಿದವರು ಹಿಂದಿನ ದಿನ ಲಾರಿಯಲ್ಲಿ ನೀರು ತರಿಸಿ ಸುರಿದಿದ್ದರು. ಅವರ ಕಣ್ಣಿಗೆ ಬೀಳುವ ಕಡೆ ಮಾತ್ರ ದೋಣಿ ಹಾಕಿದ್ದರು. ಅತಿಥಿಗಳು ಕುಡಿದು ಹೋದರು, ನಮ್ಮವರು ಬೀಗ ಹಾಕಿದರು. ಲಾರಿಯ ನೀರು ಸೋರಿ ಮುಗಿಯಿತು, ಒಣಗಿದ ಸಿಮೆಂಟು ಬಿರಿಯಿತು. ಬೀಗ ಇದೆ ಎಂದರೆ ಒಳಗೆ ಏನೋ ಇದೆ ಎಂದು ಊರಿಗೆ ಊರೇ ನಂಬಿತು. ಮುನ್ಯಿಥ್ಯಾ ಮಳೆಯಲ್ಲೇ ಬಂದು ಏಣಿ ಹತ್ತಿದ, ತೊಟ್ಟಿಯೊಳಗೆ ಬಹಳ ಹೊತ್ತು ನೋಡಿದ. ಅವನಿಗೂ ಗೊತ್ತಿರಲಿಲ್ಲ. ಅವನು ಕಳ್ಳನಾಗಿದ್ದರೆ ನನ್ನ ಸಿಟ್ಟಿಗೆ ಒಂದು ಜಾಗ ಸಿಗುತ್ತಿತ್ತು.

ನಾಲ್ಕನೇ ದಿನ ಕಲೆಕ್ಯೆ ನನ್ನ ಮನೆ ಬಾಗಿಲಿಗೆ ಬಂದಳು.

"ಯಾವತ್ತು ಶುರು ಮಾಡ್ತೀಯ? ಮರಳು ಜರಡಿ ಹಿಡಿದು ಇಟ್ಟಿದೀನಿ."

ಅವಳ ಸೂರು ಆರು ಮೀಟರ್ ಉದ್ದ, ಐದು ಮೀಟರ್ ಅಗಲ. ಅರ್ಧ ಗಂಟೆ ಜೋರು ಮಳೆಗೆ ಅದರಿಂದ ಐನೂರು ಲೀಟರ್ ಇಳಿಯುತ್ತದೆ ಎಂದಾಗ ಮುದುಕಿ ನಂಬಲಿಲ್ಲ. ಕತ್ತೆ ಒಂದು ಸಲಕ್ಕೆ ನಾಲ್ಕು ಕ್ಯಾನು ಹೊರುತ್ತದೆ, ಇದು ಕತ್ತೆಯ ಆರು ಸಲದ ಹೊರೆ ಎಂದೆ. ಆಗ ಬಾಯಿಗೆ ಕೈ ಇಟ್ಟುಕೊಂಡಳು. ಸಂಘದ ಹೆಂಗಸರೆಲ್ಲ ಸೇರಿ ಕಟ್ಟಿದರು. ತಗಡು ಮಡಚಿ ಸೂರಿನ ಎರಡೂ ಬದಿಗೆ ದೋಣಿ ಹಾಕಿದೆವು, ಮೀಟರಿಗೆ ಒಂದು ಬೆರಳಗಲ ಇಳಿಜಾರು ಕೊಟ್ಟೆವು. ಕೊಳವೆ ಬಾಗುವ ಮೊಣಕೈಯನ್ನು ತಿರುಗುವ ಹಾಗೆ ಬಿಟ್ಟೆವು, ಮೊದಲ ಕಾಲು ಗಂಟೆಯ ಮಳೆಯನ್ನು ಹೊರಗೆ ಕಳಿಸಿ ಆಮೇಲೆ ತೊಟ್ಟಿಗೆ ತಿರುಗಿಸುವುದಕ್ಕೆ. ಆ ತಿರುಗಿಸುವ ಕೆಲಸವನ್ನು ಈಗ ಕಲೆಕ್ಯೆ ಬೇರೆ ಯಾರಿಗೂ ಬಿಡುವುದಿಲ್ಲ. ಸೊಳ್ಳೆ ಮೊಟ್ಟೆ ಇಡದಂತೆ ಬಾಯಿಗೆ ಸಣ್ಣ ಬಲೆ, ಮೇಲೆ ಮುಚ್ಚಳ. ನಲ್ಲಿ ತಳದಿಂದ ಒಂದು ಗೇಣು ಮೇಲೆ, ಕೆಸರು ಬರದ ಹಾಗೆ. ಆ ಗೇಣು ನೀರನ್ನು ಯಾವತ್ತೂ ಖಾಲಿ ಮಾಡುವುದಿಲ್ಲ, ತೊಟ್ಟಿ ಒಣಗಿದರೆ ಬಿರುಕು ಬಿಡುತ್ತದೆ. ಕುಡಿಯುವ ನೀರನ್ನು ಈಗಲೂ ಕುದಿಸುತ್ತಾರೆ.

ನಮ್ಮಲ್ಲಿ ವರ್ಷದ ಎರಡನೇ ಮಳೆ ಮಾರ್ಚಿಗೆ. ಅದು ಬರುವುದರೊಳಗೆ ದವಾಖಾನೆಯ ತೊಟ್ಟಿಯನ್ನೂ ಇದೇ ಹೆಂಗಸರೊಂದಿಗೆ ಸರಿ ಮಾಡಿದೆ. ಬಿರುಕು ತುಂಬಿ, ಒಳಗೆ ಹೊಸ ಗಾರೆ ಬಳಿದು, ಸೂರಿನ ಎಲ್ಲ ಅಂಚಿಗೂ ದೋಣಿ ಹಾಕಿದೆವು. ನಲ್ಲಿಗೆ ಬೀಗ ಹಾಕಲಿಲ್ಲ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಾಳೆಗೆ ಬಿಡಬೇಡಿ. ಇವತ್ತೇ ನಿಮ್ಮೂರ ದವಾಖಾನೆಗೆ, ಶಾಲೆಗೆ, ಪ್ರಾರ್ಥನೆಯ ಮನೆಗೆ ಹೋಗಿ. ಸೂರಿನ ಸುತ್ತ ಒಂದು ಸಲ ನಡೆಯಿರಿ, ದೋಣಿ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ಕತ್ತೆತ್ತಿ ನೋಡಿ. ತೊಟ್ಟಿಯ ಗೋಡೆಗೆ ಕಲ್ಲಿನಿಂದ ತಟ್ಟಿ. ಗವ್ ಎಂದರೆ ಖಾಲಿ ಎಂದು ಅರ್ಥ. ಆಗ ಯಾರ ಅಪ್ಪಣೆಗೂ ಕಾಯದೆ ಮುಚ್ಚಳ ತೆಗೆಸಿ. ಓದು ಬರಬೇಕಾಗಿಲ್ಲ, ಕಣ್ಣು ಸಾಕು. ನಿಮ್ಮ ಮನೆಯ ಸೂರನ್ನೂ ಹಾಗೆಯೇ ನೋಡಿಕೊಳ್ಳಿ.

ಮಾರ್ಚಿನ ಮಳೆಗೆ ದವಾಖಾನೆಯ ತೊಟ್ಟಿ ತುಂಬಿದಾಗ ಅದೇ ಮಾವಿನ ಮರದ ಕೆಳಗೆ ಮತ್ತೆ ಸಭೆ ಸೇರಿತು. ಮುನ್ಯಿಥ್ಯಾ ಎದ್ದು, ಆದದ್ದಾಯಿತು, ಇನ್ನು ಮುಂದಿನದು ನೋಡೋಣ ಎಂದು ಮಾತು ಶುರು ಮಾಡಿದ. ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡಿದ್ದ ಕಲೆಕ್ಯೆ ಎದ್ದು ನಿಂತಳು. ದನಿ ಏರಿಸಲಿಲ್ಲ.

"ಯಜಮಾನ್ರೇ, ಎರಡು ವರ್ಷದ ಹಿಂದೆ ನನ್ ದೊಡ್ಡ ಸೊಸೇನ ನೀರು ತಂದಿಲ್ಲ ಅಂತ ಈ ಬಾಗಿಲಿಂದ ವಾಪಸ್ ಕಳಿಸಿದ್ರಿ. ದಾರೀಲಿ ಹೆತ್ತಳು. ಗಂಡು ಮಗು, ಉಳೀಲಿಲ್ಲ. ಅದನ್ನ ಎತ್ಕೊಂಡು ನಾನು ಮನೇವರೆಗೂ ಮಳೇಲಿ ನೆನ್ಕೊಂಡು ಹೋದೆ. ಆವತ್ತಿನ ಮಳೆ ಈ ಸೂರಿನ್ ಮೇಲೂ ಬಿತ್ತಲ್ಲ. ಆ ನೀರು ಎಲ್ಲಿಗೆ ಹೋಯ್ತು?"

ಅವಳಿಗೆ ಇನ್ನೊಂದು ಮೊಮ್ಮಗುವಿತ್ತು ಎಂಬುದು ನನಗೇ ಗೊತ್ತಿರಲಿಲ್ಲ. ಮುನ್ಯಿಥ್ಯಾ ಕುರ್ಚಿಯ ಮೇಲಿದ್ದ ಟೋಪಿ ತೆಗೆದುಕೊಂಡ, ಹಾಕಿಕೊಳ್ಳಲಿಲ್ಲ. ಜನ ಸರಿದು ದಾರಿ ಬಿಟ್ಟರು. ಅವನು ರಸ್ತೆಯ ಕಡೆಗೆ ನಡೆದುಹೋದ.