ಬೀರುವಿನಲ್ಲಿದ್ದ ಹೆಸರು

ಅಟ್ಟದಲ್ಲಿ ಒಣಗುವ ಕೊಬ್ಬರಿಯ ವಾಸನೆ ಬಂದರೆ ನರ್ಸ್ ಸರ್ವಮಂಗಳಳಿಗೆ ಚಿಕ್ಕಂದಿನ ತವರುಮನೆ ನೆನಪಾಗುತ್ತಿತ್ತು. ಹಾಲ್ಕುರಿಕೆಯ ಆಸ್ಪತ್ರೆಗೆಂದು ಬಾಡಿಗೆಗೆ ಹಿಡಿದಿದ್ದ ಕೋಣೆಯ ಅಟ್ಟದಲ್ಲೂ ಕೊಬ್ಬರಿಯಿತ್ತು. ಕೆಳಗಿನ ಬೀರುವಿನಲ್ಲಿ ಕುಷ್ಠರೋಗಿಗಳ ರಿಜಿಸ್ಟರು.

೧೯೮೨ರ ಒಂದು ಮಧ್ಯಾಹ್ನ ಅದೇ ಊರಿನ ರೈತ ಕರಿಯಪ್ಪ ಬಂದು ಬೀರುವಿನತ್ತ ಕಣ್ಣು ಹಾಯಿಸಿದರು.

"ನಮ್ಮ ಹುಡುಗನಿಗೆ ಚಿಕ್ಕಗೌರಮ್ಮನ ಮಗಳನ್ನ ತರೋಣಾಂತಿದೀವಿ. ತಾಯಿಗೆ ದೊಡ್ಡರೋಗ ಅಂತ ಯಾರೋ ಕಿವಿಗೆ ಊದವ್ರೆ. ಬುಕ್ಕಲ್ಲಿ ಹೆಸರೈತಾ, ನೋಡೇಳ್ರವ್ವಾ."

"ಇದೆ ಅಂತ್ಲೂ ಹೇಳಲ್ಲ, ಇಲ್ಲ ಅಂತ್ಲೂ ಹೇಳಲ್ಲ ಕಣ್ರೀ."

"ಸರ್ಕಾರಕ್ಕೆ ಮಾತ್ರ ತಿಂಗಳು ತಿಂಗಳು ಬರ್ದು ಕಳಿಸ್ತೀರಲ್ಲ!"

"ಅಲ್ಲಿಗೆ ಹೋಗೋದು ಎಷ್ಟು ಜನ ಅನ್ನೋ ಲೆಕ್ಕ, ಹೆಸರಲ್ಲ. ನಾಳೆ ನಿಮ್ಮನೆಯೋರ ಬಗ್ಗೆ ಯಾರು ಕೇಳಿದ್ರೂ ಇದೇ ಮಾತು."

ಕರಿಯಪ್ಪ ತಲೆ ಕೆರೆದುಕೊಂಡರು. "ಅದೂ ಸರಿಯೇ ಬುಡಿ. ಹುಡುಗಿ ಮುಖ ನೋಡ್ಕಂಡೇ ಮಾತಾಡ್ತೀವಿ" ಎಂದು ಟವೆಲು ಕೊಡವಿ ಹೊರಟರು.

ಮಾತ್ರೆಗೆಂದು ಬಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದ ಚಿಕ್ಕಗೌರಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ರೋಗ ತಿಳಿದಾಗಿನಿಂದ ಅವಳು ಹೊರಗಿನ ಯಾರಿಗೂ ತನ್ನ ಕೈಯಾರೆ ಉಣ್ಣಲು ಕೊಟ್ಟಿರಲಿಲ್ಲ. ಸರ್ವಮಂಗಳ ಮಾತ್ರೆ ಎಣಿಸಿ ಕೊಟ್ಟಳು. ಚಿಕ್ಕಗೌರಮ್ಮ ಅದನ್ನು ಸೆರಗಿಗೆ ಕಟ್ಟಿಕೊಂಡು, ಹೊಲಕ್ಕೆಂದು ತಂದಿದ್ದ ಮುದ್ದೆ, ಹುರುಳಿ ಸಾರಿನ ಬುತ್ತಿಯನ್ನು ಸರ್ವಮಂಗಳಳ ಕೈಗಿಟ್ಟಳು.